ಪತಂಜಲಿಯ 'ಅಥವಾ': ಚಂಚಲರ ಪರವಾಗಿ ಒಂದು ಮಾತು

ಯೋಗ, ಧ್ಯಾನಗಳ ಮಾತು ಬಂದಾಗಲೆಲ್ಲ ನಮ್ಮ ನಡುವೆ ಒಂದು ಉತ್ತರ ಸಿದ್ಧವಾಗಿರುತ್ತದೆ: "ಅದೆಲ್ಲ ನಮಗೆ ಒಗ್ಗುವುದಿಲ್ಲ, ಒಂದು ಕಡೆ ಕೂರುವ ಜಾಯಮಾನ ನಮ್ಮದಲ್ಲ." ಹೀಗೆ ಹೇಳುವವರನ್ನು ಸೋಮಾರಿಗಳೆಂದು ತಳ್ಳಿಹಾಕುವಂತಿಲ್ಲ. ಅವರಲ್ಲಿ ಹಲವರು ಬೆಳಗಿನ ಐದಕ್ಕೆ ಏಳುವವರು, ಮೂರು ಕೆಲಸಗಳನ್ನು ಒಟ್ಟಿಗೆ ಹಚ್ಚಿಕೊಳ್ಳುವವರು, ಸಂಘದ ಸಮಾರಂಭದಲ್ಲಿ ಕುರ್ಚಿ ಹಾಕುವುದರಿಂದ ಹಿಡಿದು ವಂದನಾರ್ಪಣೆಯವರೆಗೆ ಓಡಾಡುವವರು. ಎಂದೋ ಒಮ್ಮೆ ಯಾವುದೋ ಶಿಬಿರಕ್ಕೆ ಸೇರಿರುತ್ತಾರೆ. ಕಣ್ಣು ಮುಚ್ಚಿ ಕುಳಿತ ಮೂರನೆಯ ನಿಮಿಷಕ್ಕೆ ಕಾಲು ಜೋಮು ಹಿಡಿದಿರುತ್ತದೆ, ಮನಸ್ಸು ಅಡುಗೆಮನೆಗೂ ಬ್ಯಾಂಕಿಗೂ ಹೋಗಿ ಬಂದಿರುತ್ತದೆ, "ಏಕಾಗ್ರತೆ ಸಾಲದು" ಎಂಬ ಮಾತು ಕಿವಿಗೆ ಬಿದ್ದಿರುತ್ತದೆ. ಆ ಒಂದು ಅನುಭವವನ್ನೇ ಆಧಾರವಾಗಿಟ್ಟುಕೊಂಡು ಅವರು ತಮ್ಮ ಮೇಲೆ ತಾವೇ ತೀರ್ಪು ಬರೆದುಕೊಂಡಿದ್ದಾರೆ. ಆ ತೀರ್ಪನ್ನು ಮರುಪರಿಶೀಲಿಸಬೇಕೆಂಬುದೇ ಈ ಬರಹದ ವಾದ. ಚಂಚಲ ಸ್ವಭಾವ ದೇಹ-ಮನಸ್ಸುಗಳ ಸಾಧನೆಗೆ ಅನರ್ಹತೆ ಅಲ್ಲವೇ ಅಲ್ಲ. ಚಂಚಲರನ್ನು ನಾವು ತಪ್ಪು ಬಾಗಿಲಿನ ಮುಂದೆ ನಿಲ್ಲಿಸುತ್ತಿದ್ದೇವೆ, ಅಷ್ಟೇ.

ಇದು ಬರಿಯ ಅಭಿರುಚಿಯ ಪ್ರಶ್ನೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಇಲ್ಲಿ ಪಣಕ್ಕಿರುವುದು ಆರೋಗ್ಯ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಬೇಕೆನ್ನುತ್ತದೆ. ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನ ಈ ಅಳತೆಯನ್ನು ಮುಟ್ಟುತ್ತಿಲ್ಲವೆಂದು 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ನಲವತ್ತು ದಾಟಿದ, ದಿನವಿಡೀ ಮೇಜಿನ ಮುಂದೆ ಕೂರುವ ನಮ್ಮಂಥವರ ರಕ್ತದೊತ್ತಡ, ಸಕ್ಕರೆ, ಸೊಂಟನೋವುಗಳ ಲೆಕ್ಕವನ್ನು ಇಲ್ಲಿ ಒಪ್ಪಿಸಬೇಕಾಗಿಲ್ಲ. ಈ ವಯಸ್ಸಿನಲ್ಲಿ "ನಮಗೆ ಒಗ್ಗುವುದಿಲ್ಲ" ಎಂದು ಹಿಂದೆ ಸರಿದವರು ಮತ್ತೆ ಬರುವುದು ವೈದ್ಯರು ಚೀಟಿ ಬರೆದು ಕಳುಹಿಸಿದ ಮೇಲೆಯೇ. ಅಷ್ಟರಲ್ಲಿ ಹತ್ತು ವರ್ಷ ಕಳೆದಿರುತ್ತದೆ.

ಒಂದು ಕಡೆ ಸುಮ್ಮನೆ ಕೂರುವುದು ಸುಲಭವೆಂದೂ ಅದಾಗದವರಲ್ಲಿ ಏನೋ ಕೊರತೆಯಿದೆಯೆಂದೂ ನಾವು ಗ್ರಹಿಸಿದ್ದೇವೆ. ಮನೋವಿಜ್ಞಾನದ ಸಾಕ್ಷ್ಯ ಬೇರೆಯೇ ಇದೆ. ವರ್ಜೀನಿಯಾ ವಿಶ್ವವಿದ್ಯಾಲಯದ ತಿಮೊಥಿ ವಿಲ್ಸನ್ ಮತ್ತು ಸಂಗಡಿಗರು ಜನರನ್ನು ಖಾಲಿ ಕೋಣೆಯಲ್ಲಿ ತಮ್ಮ ಆಲೋಚನೆಗಳೊಂದಿಗೆ ಮಾತ್ರ ಕೂರಿಸಿ ನಡೆಸಿದ ಪ್ರಯೋಗಗಳು 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದವು. ಅವುಗಳಲ್ಲಿ ಒಂದರ ಅವಧಿ 15 ನಿಮಿಷ. ಮಾಡಲು ಏನೂ ಇಲ್ಲ. ಬೇಕಿದ್ದರೆ ಒಂದು ಗುಂಡಿ ಒತ್ತಿ ತಮಗೆ ತಾವೇ ಸಣ್ಣ ವಿದ್ಯುತ್ ಆಘಾತ ಕೊಟ್ಟುಕೊಳ್ಳಬಹುದು. ಆ ಆಘಾತವನ್ನು ತಪ್ಪಿಸಿಕೊಳ್ಳಲು ಹಣ ಕೊಡಲೂ ಸಿದ್ಧ ಎಂದು ಮೊದಲು ಹೇಳಿದ್ದವರಲ್ಲೇ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿ ಒತ್ತಿಯೇಬಿಟ್ಟರು. ಅದಕ್ಕೆ ನಾಲ್ಕು ವರ್ಷ ಮೊದಲು ಅದೇ ಪತ್ರಿಕೆಯಲ್ಲಿ ಬಂದಿದ್ದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಅವರ ಅಧ್ಯಯನದ ಪ್ರಕಾರ ಜನರ ಮನಸ್ಸು ಎಚ್ಚರದ ಸಮಯದ ಸುಮಾರು ಶೇಕಡಾ 47 ಭಾಗ ಕೈಯಲ್ಲಿರುವ ಕೆಲಸವನ್ನು ಬಿಟ್ಟು ಬೇರೆಲ್ಲೋ ಅಲೆಯುತ್ತಿರುತ್ತದೆ. ಹಾಗಾದರೆ ಅಲೆಯುವ ಮನಸ್ಸು ಕೆಲವರ ದೋಷವಲ್ಲ, ಎಲ್ಲರ ಸ್ಥಿತಿ. ಕೆಲವರಲ್ಲಿ ಅದರ ವೇಗ ಹೆಚ್ಚು, ಅಷ್ಟೇ ವ್ಯತ್ಯಾಸ.

ನಮ್ಮ ಹಿರಿಯರಿಗೆ ಇದು ಗೊತ್ತಿರಲಿಲ್ಲವೆನ್ನಲಾಗದು. ಯೋಗಸೂತ್ರದ ಮೊದಲ ಪಾದದಲ್ಲಿ ಪತಂಜಲಿ ಸಾಧನೆಯ ಒಂಬತ್ತು ಅಂತರಾಯಗಳನ್ನು ಪಟ್ಟಿ ಮಾಡುತ್ತಾನೆ. ವ್ಯಾಧಿಯಿಂದ ಆರಂಭವಾಗುವ ಆ ಪಟ್ಟಿ ಅನವಸ್ಥಿತತ್ವದಲ್ಲಿ, ಅಂದರೆ ತಲುಪಿದ ನೆಲೆಯಲ್ಲಿ ನಿಲ್ಲಲಾರದಿರುವುದರಲ್ಲಿ, ಮುಗಿಯುತ್ತದೆ. ಅದರ ಬೆನ್ನಿಗೇ ಈ ಅಂತರಾಯಗಳ ಸಹಚರರನ್ನೂ ಹೆಸರಿಸುತ್ತಾನೆ: ದುಃಖ, ದೌರ್ಮನಸ್ಯ, ಅಂಗಮೇಜಯತ್ವ, ಏರುಪೇರಾದ ಉಸಿರಾಟ. ಅಂಗಮೇಜಯತ್ವವೆಂದರೆ ಕೈಕಾಲುಗಳು ಅಲುಗುತ್ತಲೇ ಇರುವುದು. ಸಭೆಯಲ್ಲಿ ಕುಳಿತು ಕಾಲು ಕುಣಿಸುವ ನಮ್ಮ ಗೆಳೆಯರಿಗೆ ಯೋಗಶಾಸ್ತ್ರದ ಮೂಲಗ್ರಂಥದಲ್ಲೇ ಜಾಗವಿದೆ! ಚಿತ್ತದ ಓಟವೂ ದೇಹದ ಅಲುಗಾಟವೂ ಉಸಿರಿನ ಏರುಪೇರೂ ಒಂದೇ ಹಗ್ಗದ ಎಳೆಗಳೆಂಬ ಅರಿವು ಆ ಪಟ್ಟಿಯಲ್ಲಿದೆ.

ಅದಕ್ಕಿಂತ ಗಮನಾರ್ಹವಾದುದು ಮುಂದಿನ ಭಾಗ. ಪರಿಹಾರ ಹೇಳುವಾಗ ಪತಂಜಲಿ ಒಂದೇ ಔಷಧ ಬರೆದುಕೊಡುವುದಿಲ್ಲ. ಮೈತ್ರಿ, ಕರುಣೆ ಮೊದಲಾದ ಭಾವನೆಗಳನ್ನು ಬೆಳೆಸಿಕೊಳ್ಳುವುದನ್ನು ಹೇಳಿ, ಬಳಿಕ ಉಸಿರನ್ನು ಹೊರಬಿಟ್ಟು ತಡೆಯುವುದನ್ನು ಹೇಳುತ್ತಾನೆ. ಇಂದ್ರಿಯಾನುಭವದ ಒಂದು ವಿಷಯವನ್ನು ಹಿಡಿಯುವುದು, ಶೋಕವಿಲ್ಲದ ಒಳಬೆಳಕು, ರಾಗ ನೀಗಿದವರ ಚಿತ್ತ, ಕನಸು-ನಿದ್ರೆಗಳ ಅರಿವು ಎಂದು ಸಾಗಿ, ಕೊನೆಗೆ ಯಾರಿಗೆ ಯಾವುದು ಇಷ್ಟವೋ ಅದರ ಧ್ಯಾನವೂ ಆಗಬಹುದು ಎಂದುಬಿಡುತ್ತಾನೆ. ಈ ಸೂತ್ರಗಳ ಸಾಲಿನಲ್ಲಿ 'ವಾ' ಎಂಬ ಪುಟ್ಟ ಪದ ಮತ್ತೆ ಮತ್ತೆ ಬರುತ್ತದೆ. ಕನ್ನಡದಲ್ಲಿ ಹೇಳುವುದಾದರೆ 'ಅಥವಾ'. ಒಂದು ಅಕ್ಷರವನ್ನೂ ದುಂದು ಮಾಡದ ಸೂತ್ರಕಾರ 'ಅಥವಾ' ಎಂಬುದಕ್ಕೆ ಇಷ್ಟು ಸಲ ಜಾಗ ಕೊಟ್ಟಿದ್ದಾನೆಂದರೆ ಅದರ ತೂಕವನ್ನು ನಾವು ಗಮನಿಸಬೇಕು. ನಮ್ಮ ಶಿಬಿರಗಳು ಮರೆತಿರುವುದು ಈ ಪದವನ್ನೇ.

ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನೂ ಇದೇ ದೂರು ಕೊಡುತ್ತಾನೆ. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟವೆನ್ನುತ್ತಾನೆ. ಕೃಷ್ಣ ಅವನನ್ನು ಅನರ್ಹನೆಂದು ಕಳಿಸುವುದಿಲ್ಲ. ಕಷ್ಟವೆಂಬುದನ್ನು ಒಪ್ಪಿಕೊಂಡೇ ಅಭ್ಯಾಸ, ವೈರಾಗ್ಯಗಳ ದಾರಿ ತೋರಿಸುತ್ತಾನೆ. ಬೌದ್ಧರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಡಿಗೆಯನ್ನೇ ಸಾಧನೆಯಾಗಿಸಿದರು. ಚಂಕ್ರಮಣವೆಂದು ಅದರ ಹೆಸರು. ಬೋಧಗಯೆಯ ಮಹಾಬೋಧಿ ದೇವಾಲಯದ ಉತ್ತರ ಪಕ್ಕದಲ್ಲಿ ಬುದ್ಧನು ನಡೆದಾಡಿದನೆಂದು ನಂಬಲಾಗುವ ಚಂಕ್ರಮಣದ ಜಗಲಿಯನ್ನು ಇಂದಿಗೂ ನೋಡಬಹುದು. ಅಂಗುತ್ತರ ನಿಕಾಯದಲ್ಲಿ ಚಂಕ್ರಮಣದ ಐದು ಫಲಗಳನ್ನು ಎಣಿಸಲಾಗಿದೆ: ದೂರ ಪ್ರಯಾಣದ ಶಕ್ತಿ, ಪರಿಶ್ರಮದ ಸಾಮರ್ಥ್ಯ, ಆರೋಗ್ಯ, ತಿಂದುದು ಜೀರ್ಣವಾಗುವುದು, ಕೊನೆಯದಾಗಿ ನಡೆಯುತ್ತ ಪಡೆದ ಏಕಾಗ್ರತೆ ಬಹುಕಾಲ ಉಳಿಯುವುದು. ಕುಳಿತು ಪಡೆದುದಕ್ಕಿಂತ ನಡೆದು ಪಡೆದುದು ಕೀಳೆಂಬ ಭಾವನೆ ಅಲ್ಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇರಬಾರದು. ವರ್ಡ್ಸ್‌ವರ್ತ್ ತೋಟದ ಹಾದಿಯಲ್ಲಿ ಹಿಂದೆ ಮುಂದೆ ನಡೆಯುತ್ತಲೇ ಕವಿತೆ ಕಟ್ಟುತ್ತಿದ್ದ. ಅವನ ಕಾಲುಗಳು ಜೀವಮಾನದಲ್ಲಿ ಒಂದು ಲಕ್ಷದ ಎಪ್ಪತ್ತೈದು ಸಾವಿರ ಮೈಲಿಗೂ ಮಿಕ್ಕು ಸವೆಸಿರಬೇಕೆಂದು ಡಿ ಕ್ವಿನ್ಸಿ ಲೆಕ್ಕ ಹಾಕಿದ್ದ. ಕುವೆಂಪು ಅವರ ಮೈಸೂರಿನ ದಿನಗಳನ್ನು ಕುಕ್ಕನಹಳ್ಳಿ ಕೆರೆಯ ಏರಿಯ ಮೇಲಿನ ನಡಿಗೆಯಿಂದ ಬೇರ್ಪಡಿಸಿ ನೋಡಲಾದೀತೆ? ಕಾಲು ಚಲಿಸುವಾಗ ಮನಸ್ಸು ನೆಲೆ ನಿಲ್ಲುವ ಒಂದು ಬಗೆಯ ಜನ ಎಲ್ಲ ಕಾಲದಲ್ಲೂ ಇದ್ದಾರೆ.

ಇನ್ನು ಆಸನಗಳ ಯೋಗಕ್ಕೇ ಬರೋಣ. ಇಂದು ಜಗತ್ತಿನಾದ್ಯಂತ ಹರಡಿರುವ ಯೋಗದ ದೊಡ್ಡ ಭಾಗದ ವಂಶವೃಕ್ಷ ಮೈಸೂರಿಗೆ ಬಂದು ಸೇರುತ್ತದೆ. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಬಹುಪಾಲು ಹುಡುಗರು. ಹನ್ನೆರಡು, ಹದಿನಾಲ್ಕು ವರ್ಷದ ಹುಡುಗರನ್ನು ಪದ್ಮಾಸನದಲ್ಲಿ ಕಣ್ಮುಚ್ಚಿ ಕೂರಿಸಿದರೆ ಏನಾದೀತೆಂಬುದು ಆಚಾರ್ಯರಿಗೆ ತಿಳಿದಿತ್ತು. ಅವರಿಗೆ ಕಲಿಸಿದ್ದು ನೆಗೆತ, ಬಾಗು, ತಿರುವುಗಳನ್ನು ಉಸಿರಿನ ದಾರದಲ್ಲಿ ಪೋಣಿಸಿದ ರಭಸದ ಯೋಗವನ್ನು. ಇದಕ್ಕೂ ಹಿಂದೆ, ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಹಗ್ಗ ಹಿಡಿದು ಮಾಡುವವೂ ಅದರಲ್ಲಿ ಸೇರಿವೆ. ಗರಡಿಮನೆಯೂ ಯೋಗಶಾಲೆಯೂ ಪರಸ್ಪರ ದೂರವಿರದ ಲೋಕ ಅದು.

ಆ ಒಬ್ಬ ಗುರುವಿನಿಂದ ಹೊರಟ ಮೂರು ಹಾದಿಗಳನ್ನು ನೋಡಿದರೆ 'ಅಥವಾ'ದ ಅರ್ಥ ಬಿಚ್ಚಿಕೊಳ್ಳುತ್ತದೆ. ಹಾಸನದ ಬಳಿಯ ಕೌಶಿಕದವರಾದ ಪಟ್ಟಾಭಿ ಜೋಯಿಸರು ಮೈಸೂರಿನಲ್ಲೇ ಉಳಿದು ಅಷ್ಟಾಂಗ ವಿನ್ಯಾಸವೆಂಬ ಕ್ರಮವನ್ನು ಬೆಳೆಸಿದರು. ಅಲ್ಲಿ ಪ್ರತಿ ಚಲನೆಗೂ ಒಂದು ಉಸಿರು, ಪ್ರತಿ ಭಂಗಿಗೂ ಗೊತ್ತಾದ ಒಂದು ದೃಷ್ಟಿ. ಮೊದಲ ಬಗೆಯ ಸೂರ್ಯನಮಸ್ಕಾರದಲ್ಲಿ 9 ವಿನ್ಯಾಸಗಳು, ಎರಡನೆಯದರಲ್ಲಿ 17. ಉಸಿರಿನ ಸದ್ದು ಕಿವಿಯನ್ನೂ ಗೊತ್ತಾದ ಬಿಂದು ಕಣ್ಣನ್ನೂ ಎಣಿಕೆ ಬುದ್ಧಿಯನ್ನೂ ಹಿಡಿದಿಡುವುದರಿಂದ ಮನಸ್ಸಿಗೆ ಓಡಲು ಸಂದು ಸಿಗುವುದು ಕಡಿಮೆ. ಮೈಸೂರು ಪದ್ಧತಿಯೆಂದೇ ಲೋಕಪ್ರಸಿದ್ಧವಾದ ಅವರ ಬೋಧನಾಕ್ರಮದಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ, ಆದರೆ ಅವರವರ ಗತಿಯಲ್ಲಿ ಅಭ್ಯಾಸ ಮಾಡುತ್ತಾರೆ. ಒಂದು ಆಸನ ಪಕ್ವವಾದ ಮೇಲೆ ಗುರು ಮುಂದಿನದನ್ನು ಕೊಡುತ್ತಾರೆ.

ಕೋಲಾರ ಸೀಮೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ, ಇನ್ನೂ ಹದಿನೆಂಟು ವರ್ಷದವರಿದ್ದಾಗ, ಪುಣೆಗೆ ಹೋದರು. ಬಾಲ್ಯದುದ್ದಕ್ಕೂ ಕಾಯಿಲೆಗಳಿಂದ ಬಳಲಿದ್ದ ಅವರ ದೇಹಕ್ಕೆ ನೆಗೆತದ ಯೋಗ ಸಹಜವಾಗಿ ಒಲಿಯುವಂಥದ್ದಲ್ಲ. ಅವರು ಕಂಡುಕೊಂಡದ್ದು ಸೂಕ್ಷ್ಮತೆಯ ದಾರಿ. ತ್ರಿಕೋನಾಸನದಲ್ಲಿ ನಿಂತಾಗ ಹಿಂಗಾಲಿನ ಹೊರ ಅಂಚು ನೆಲಕ್ಕೊತ್ತಿದೆಯೆ, ಮಂಡಿಚಿಪ್ಪು ಮೇಲೆದ್ದಿದೆಯೆ, ಎರಡೂ ಪಕ್ಕೆಗಳ ಉದ್ದ ಸಮನಾಗಿದೆಯೆ ಎಂದು ಒಂದೊಂದಾಗಿ ವಿಚಾರಿಸುತ್ತ ಹೋಗುವ ದಾರಿ. ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿಗಳು ಅದಕ್ಕೆ ಸಹಾಯಕ. ಹೊರಗಿನಿಂದ ನೋಡಿದವರಿಗೆ ಆ ವ್ಯಕ್ತಿ ಸುಮ್ಮನೆ ನಿಂತಂತೆ ಕಾಣಬಹುದು. ಒಳಗೆ ಮನಸ್ಸು ಕಾಲ್ಬೆರಳಿನಿಂದ ನೆತ್ತಿಯವರೆಗೆ ತಪಾಸಣೆಯ ಪ್ರವಾಸದಲ್ಲಿರುತ್ತದೆ. 1952ರಲ್ಲಿ ಮುಂಬಯಿಯಲ್ಲಿ ಅವರನ್ನು ಕಂಡ ಪಿಟೀಲು ವಾದಕ ಯೆಹೂದಿ ಮೆನುಹಿನ್ ಬಳಲಿದ್ದ ಕಲಾವಿದ. ಅಯ್ಯಂಗಾರರ ಹೆಸರು ಪಶ್ಚಿಮಕ್ಕೆ ತಲುಪಿದ್ದು ಆ ಭೇಟಿಯಿಂದಲೇ.

ಕೃಷ್ಣಮಾಚಾರ್ಯರು ಮುಂದೆ ಮದರಾಸಿಗೆ ಹೋಗಿ ನೆಲೆಸಿದರು. ಅಲ್ಲಿ ಅವರ ಬಳಿಗೆ ಬಂದವರು ಅರಮನೆಯ ಹುಡುಗರಲ್ಲ. ನಡುವಯಸ್ಸಿನವರು, ರೋಗಿಗಳು, ಮನೆ-ಕಚೇರಿಗಳ ಚಿಂತೆಯವರು. ಅವರಿಗೆ ಆಚಾರ್ಯರು ಬೇರೆಯದನ್ನೇ ಕಲಿಸಿದರು: ಒಬ್ಬೊಬ್ಬರ ವಯಸ್ಸು, ಉದ್ಯೋಗ, ಶಕ್ತಿಗಳನ್ನು ನೋಡಿ ಹೊಂದಿಸಿದ ಸರಳ ಚಲನೆಗಳು, ದೀರ್ಘವಾಗುವ ಉಸಿರು. ಎಂಜಿನಿಯರಿಂಗ್ ಓದಿದ್ದ ಅವರ ಮಗ ಟಿ.ಕೆ.ವಿ. ದೇಶಿಕಾಚಾರ್ ಈ ದಾರಿಯನ್ನು ಮುಂದುವರಿಸಿ 1976ರಲ್ಲಿ ಚೆನ್ನೈಯಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಸ್ಥಾಪಿಸಿದರು. ಗುರು ಒಬ್ಬರೇ, ಶಿಷ್ಯರ ದೇಹ-ಸ್ವಭಾವಗಳು ಬೇರೆ ಬೇರೆ, ಹಾಗಾಗಿ ವಿದ್ಯೆಯ ಆಕಾರವೂ ಬೇರೆ ಬೇರೆ. ಮೈಸೂರು, ಪುಣೆ, ಚೆನ್ನೈ ಎಂಬ ಈ ಮೂರು ಊರುಗಳ ಕಥೆ ಹೊರನಾಡ ಕನ್ನಡಿಗರಾದ ನಮಗೆ ಪರಕೀಯವಲ್ಲ.

ಈ ಮೂರು ಹಾದಿಗಳನ್ನು ಎದುರಿಗಿಟ್ಟುಕೊಂಡು ನೋಡಿದಾಗ 'ಚಂಚಲತೆ' ಎಂಬ ಒಂದೇ ಪದದಡಿ ನಾವು ಕನಿಷ್ಠ ಮೂರು ಬೇರೆ ಬೇರೆ ಸ್ವಭಾವಗಳನ್ನು ತುಂಬಿಟ್ಟಿದ್ದೇವೆಂದು ಅನ್ನಿಸುತ್ತದೆ. ಮೊದಲನೆಯದು ಕೈಕಾಲುಗಳ ಚಂಚಲತೆ. ಇಂಥವರ ದೇಹದಲ್ಲಿ ಖರ್ಚಾಗದ ಶಕ್ತಿ ಕುದಿಯುತ್ತಿರುತ್ತದೆ. ಮೊದಲು ಮೈ ಬೆವರಬೇಕು, ಆಮೇಲೆ ಉಳಿದ ಮಾತು. ಸೂರ್ಯನಮಸ್ಕಾರವೋ ವಿನ್ಯಾಸವೋ ಇವರಿಗೆ ಹೊಂದುತ್ತದೆ. ಎರಡನೆಯದು ಬುದ್ಧಿಯ ಚಂಚಲತೆ. ಇವರಿಗೆ ಮೇವಿಲ್ಲದ ಮನಸ್ಸೇ ತೊಂದರೆ. ಒಂದೇ ಚಲನೆಯನ್ನು ನೂರು ಸಲ ಮಾಡೆಂದರೆ ಬೇಸರ. ಅದರೊಳಗಿನ ನೂರು ವಿವರಗಳನ್ನು ನೋಡೆಂದರೆ ಉತ್ಸಾಹ. ಇವರಿಗೆ ಅಯ್ಯಂಗಾರರ ಬಗೆ ಒಲಿಯಬಹುದು. ಮೂರನೆಯದು ಆತಂಕದ ಚಂಚಲತೆ. ಇಲ್ಲಿ ಓಡುತ್ತಿರುವುದು ಶಕ್ತಿಯಲ್ಲ, ಭಯ. ಇವರನ್ನು ರಭಸಕ್ಕೆ ಹಚ್ಚಿದರೆ ದಣಿವು ಹೆಚ್ಚಾದೀತೇ ಹೊರತು ಶಾಂತಿ ಸಿಗದು. ಉಸಿರಿನ ಜೊತೆ ನಿಧಾನವಾಗಿ ಸಾಗುವ ಚಲನೆಗಳು ಇವರಿಗೆ ಮೇಲು. ನಮ್ಮಲ್ಲಿ ಹಲವರು ಈ ಮೂರರ ಮಿಶ್ರಣ. ಆದರೂ ಯಾವ ಅಂಶ ಹೆಚ್ಚೆಂದು ಕೇಳಿಕೊಂಡರೆ ಅರ್ಧ ದಾರಿ ಸವೆದಂತೆ.

ಬಾಗಿಲುಗಳು ಯೋಗದಲ್ಲೇ ಮುಗಿಯುವುದಿಲ್ಲ. ಚೀನಾದ ತಾಯ್ ಚಿ ಮೂರನೆಯ ಬಗೆಯವರಿಗೆ ಹೇಳಿ ಮಾಡಿಸಿದಂತಿದೆ. ದೇಹದ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ಸಾಗುವುದನ್ನು ಗಮನಿಸುತ್ತ, ನಿಲ್ಲದೆ ಹರಿಯುವ ಚಲನೆ ಅದು. ಜನಸಾಮಾನ್ಯರಿಗೆಂದು 1956ರಲ್ಲಿ ಅಲ್ಲಿನ ಸರ್ಕಾರ ರೂಪಿಸಿದ 24 ಚಲನೆಗಳ ಸಂಕ್ಷಿಪ್ತ ಕ್ರಮವನ್ನು ಮುಗಿಸಲು ಆರೇಳು ನಿಮಿಷ ಸಾಕು. ಕಲಿಯಲು ತಿಂಗಳುಗಳೇ ಬೇಕು. ಕೇರಳದ ಕಳರಿಪಯಟ್ಟು ಮೊದಲ ಎರಡೂ ಬಗೆಯವರನ್ನು ಸೆಳೆಯುತ್ತದೆ. ವಾಯ್ತಾರಿಯೆಂಬ ಬಾಯಿಮಾತಿನ ಆಜ್ಞೆಗಳಿಗೆ ಮೈಯನ್ನು ಹೊಂದಿಸುವುದರಿಂದ ಆರಂಭಿಸಿ ಕೋಲು, ಆಯುಧ, ಬರಿಗೈ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ವಿದ್ಯೆಯದು. ಮುಂಬಯಿಯವರು ಶಿವಾಜಿ ಪಾರ್ಕಿನ ಸಮರ್ಥ ವ್ಯಾಯಾಮ ಮಂದಿರದಲ್ಲಿ ಮಲ್ಲಕಂಬದ ಅಭ್ಯಾಸವನ್ನು ನೋಡಿರಬಹುದು. ಕಂಬವನ್ನು ತಬ್ಬಿ ತಲೆಕೆಳಗಾದವರ ಮನಸ್ಸು ಬೇರೆಡೆ ಅಲೆಯಲಾರದು. ಇನ್ನು ಯಕ್ಷಗಾನದ ಹೆಜ್ಜೆಯನ್ನು ನಾವು ವ್ಯಾಯಾಮವೆಂದು ಎಣಿಸುವುದೇ ಇಲ್ಲ. ಚೆಂಡೆಯ ಗತಿಗೆ ಹೆಜ್ಜೆ, ಹೆಜ್ಜೆಗೆ ಕಣ್ಣು, ಕಣ್ಣಿಗೆ ಭಾವ ಸೇರಬೇಕಾದ ಆ ಕಲಿಕೆಯಲ್ಲಿ ದೇಹ ಮನಸ್ಸುಗಳನ್ನು ಒಂದಾಗಿಸುವ ಕೆಲಸ ತಾನಾಗಿಯೇ ನಡೆಯುತ್ತದೆ.

ಇವೆಲ್ಲವನ್ನೂ ಸೇರಿಸುವ ಒಂದು ಗುಣವಿದೆ. ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಎಂಬ ಮನೋವಿಜ್ಞಾನಿ ತನ್ಮಯತೆಯ ಸ್ಥಿತಿಯನ್ನು ದೀರ್ಘಕಾಲ ಅಧ್ಯಯನ ಮಾಡಿ, ಸವಾಲು ಮತ್ತು ಸಾಮರ್ಥ್ಯ ಸಮತೂಕದಲ್ಲಿರುವಾಗ ಮನುಷ್ಯ ತನ್ನನ್ನು ಮರೆತು ತೊಡಗುತ್ತಾನೆಂದು ವಿವರಿಸಿದರು. ಸವಾಲು ಕಡಿಮೆಯಾದರೆ ಬೇಸರ, ಹೆಚ್ಚಾದರೆ ಆತಂಕ. ಕಣ್ಮುಚ್ಚಿ ಕೂರುವುದು ಚಂಚಲರಿಗೆ ಏಕಕಾಲಕ್ಕೆ ಎರಡೂ ಆಗುತ್ತದೆ: ಕೈಕಾಲಿಗೆ ಏನೂ ಕೆಲಸವಿಲ್ಲದ ಬೇಸರ, ಮನಸ್ಸಿಗೆ ಮಾಡಲಾಗದ ಕೆಲಸದ ಆತಂಕ. ಹಾಗಾಗಿಯೇ ಅವರು ಎದ್ದು ಹೋಗುತ್ತಾರೆ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ, ಅದು ಹಗುರವಾದುದಲ್ಲ. ಚಾಂಚಲ್ಯವನ್ನು ಕಳೆಯಲೆಂದೇ ಇರುವ ಸಾಧನೆಯನ್ನು ಚಾಂಚಲ್ಯಕ್ಕೆ ತಕ್ಕಂತೆ ಬಗ್ಗಿಸಿದರೆ ಉಳಿಯುವುದೇನು? ಸಿಹಿ ಬೇಡುವ ಮಧುಮೇಹಿಗೆ ಸಿಹಿಯನ್ನೇ ಕೊಟ್ಟಂತಾಗದೆ? ಈ ತಿಂಗಳು ಯೋಗ, ಮುಂದಿನ ತಿಂಗಳು ತಾಯ್ ಚಿ, ಆಮೇಲೆ ಜುಂಬಾ ಎಂದು ಜಿಗಿಯುತ್ತ ಹೊಸ ಚಾಪೆ, ಹೊಸ ಉಡುಪುಗಳನ್ನು ಕೊಳ್ಳುವುದೂ ಚಾಂಚಲ್ಯದ ಇನ್ನೊಂದು ವೇಷವಲ್ಲವೆ? ಹೌದು, ಆಗಬಹುದು. ಆದ್ದರಿಂದಲೇ ನಮ್ಮ ವಾದ ಬಾಗಿಲಿನ ಆಯ್ಕೆಗೆ ಸೀಮಿತ. ಒಳಗೆ ಕಾಲಿಟ್ಟ ಮೇಲೆ ಅಲ್ಲಿ ವಾಸ ಮಾಡಬೇಕು. ಹತ್ತು ಕಡೆ ಒಂದೊಂದು ಮೊಳ ತೋಡಿದರೆ ನೀರು ಸಿಗದೆಂಬ ಹಿರಿಯರ ತಿಳಿವಳಿಕೆ ಇಲ್ಲಿಯೂ ಸಲ್ಲುತ್ತದೆ. ಮಾತ್ರವಲ್ಲ, ಚಲನೆಯಿಂದ ಆರಂಭಿಸಿದವರಿಗೂ ನಿಶ್ಚಲತೆ ಒಂದು ದಿನ ಎದುರಾಗುತ್ತದೆ. ವಿನ್ಯಾಸದ ಕೊನೆಗೆ ವಿಶ್ರಾಂತಿಗೆಂದು ಮಲಗಿದಾಗ, ತಾಯ್ ಚಿಯ ಕೊನೆಯ ಚಲನೆ ಮುಗಿದು ಕೈಗಳು ಕೆಳಗಿಳಿದಾಗ, ಯಾರೂ ಹೇಳದೆಯೇ ಒಂದು ನಿಮಿಷದ ಮೌನ ಬರುತ್ತದೆ. ಅಷ್ಟಾಂಗಗಳ ಸಾಲಿನಲ್ಲೂ ಆಸನ, ಪ್ರಾಣಾಯಾಮಗಳು ಮೊದಲು, ಧ್ಯಾನ ಆಮೇಲೆ. ಏಳನೆಯ ಮೆಟ್ಟಿಲನ್ನು ಮೊದಲನೆಯದಾಗಿ ಇಟ್ಟು, ಏರಲಾರದವರನ್ನು ಕುಂಟರೆಂದು ಕರೆಯುವುದು ನ್ಯಾಯವಲ್ಲ.

ಹಾಗಾದರೆ ಆಯ್ಕೆ ಹೇಗೆ? ನಮ್ಮ ಮಟ್ಟಿಗೆ ನಾಲ್ಕು ಪ್ರಶ್ನೆಗಳು ಸಾಕು. ಅಭ್ಯಾಸದ ಹೊತ್ತಿನಲ್ಲಿ ಗಡಿಯಾರ ನೋಡುವುದು ಮರೆಯುತ್ತದೆಯೆ? ಚಲನೆಗೂ ಉಸಿರಿಗೂ ಸಂಬಂಧವನ್ನು ಅದು ಕಲಿಸುತ್ತದೆಯೆ? ಮುಂದೆ ಏರಲು ಮೆಟ್ಟಿಲುಗಳಿವೆಯೆ, ಅಥವಾ ಮೂರು ವಾರಕ್ಕೆ ಮುಗಿದುಹೋಗುವಂಥದ್ದೆ? ತಪ್ಪನ್ನು ತಿದ್ದುವ ಕಣ್ಣುಳ್ಳ ಶಿಕ್ಷಕರು ಇದ್ದಾರೆಯೆ? ಈ ನಾಲ್ಕಕ್ಕೂ ಹೌದೆಂಬ ಉತ್ತರ ಬಂದರೆ ಮೂರು ತಿಂಗಳು ಬೇರೇನನ್ನೂ ನೋಡದೆ ಅದರಲ್ಲಿ ಇರಬೇಕು. ದಿನಕ್ಕೆ ಇಪ್ಪತ್ತು ನಿಮಿಷವಾದರೂ ಸರಿ. ವಾರಕ್ಕೊಮ್ಮೆ ಎರಡು ಗಂಟೆ ಮೈ ಮುರಿದುಕೊಳ್ಳುವುದು ಉತ್ಸಾಹಿಗಳಿಗೆ ಪ್ರಿಯವಾದರೂ ಕೀಲುಗಳಿಗೆ ಪ್ರಿಯವಲ್ಲ. ಚಂಚಲರ ದೊಡ್ಡ ಅಪಾಯ ಆತುರ. ನಾಳೆಯ ಆಸನವನ್ನು ಇಂದೇ ಮಾಡಹೋಗಿ ಮಂಡಿ, ಭುಜಗಳನ್ನು ನೋಯಿಸಿಕೊಳ್ಳುವವರು ಇವರೇ ಹೆಚ್ಚು. ರಕ್ತದೊತ್ತಡ, ಕಣ್ಣಿನ ಒತ್ತಡ, ಕತ್ತಿನ ಮೂಳೆಯ ತೊಂದರೆ ಇರುವವರು ಶೀರ್ಷಾಸನದಂಥವುಗಳಿಗೆ ಕೈಹಾಕುವ ಮುನ್ನ ವೈದ್ಯರನ್ನು ಕೇಳುವುದು ಕಡ್ಡಾಯ.

ಐದನೆಯ ಪ್ರಶ್ನೆಯೊಂದು ನಮ್ಮಂಥ ಹೊರನಾಡಿನವರಿಗೆ, ಅದರಲ್ಲೂ ವರ್ಗಾವಣೆಯ ಬದುಕಿನವರಿಗೆ ವಿಶೇಷವಾಗಿ ಇದೆ: ಇದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಮುಂದಿನ ಊರಿಗೆ ಹೋಗಬಹುದೆ? ಹೈದರಾಬಾದಿನ ಕೆ.ಬಿ.ಆರ್. ಉದ್ಯಾನದ ಬೆಳಗಿನ ನಡಿಗೆಗೆ ಒಗ್ಗಿದವರು ದೆಹಲಿಗೆ ಬಂದರೆ ನವೆಂಬರ್ ತಿಂಗಳ ಹೊಗೆಮಂಜು ಅವರನ್ನು ಮನೆಯೊಳಗೇ ಕೂರಿಸುತ್ತದೆ. ಚೆನ್ನೈಯ ಕಡಲತೀರದ ಮರಳಿನ ಮೇಲೆ ಮಾಡಿದ್ದನ್ನು ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ಮಾಡಲಾಗದು. ಹತ್ತಡಿ-ಆರಡಿ ಜಾಗದಲ್ಲಿ, ಯಾವ ಸಲಕರಣೆಯೂ ಇಲ್ಲದೆ ಮಾಡಬಹುದಾದ ಒಂದು ಕ್ರಮವನ್ನು ಕಂಠಸ್ಥ ಮಾಡಿಕೊಂಡವರು ಊರು ಬದಲಾದರೂ ಅಭ್ಯಾಸ ಕಳೆದುಕೊಳ್ಳುವುದಿಲ್ಲ. ಕ್ರಮ ಗೊತ್ತಿದ್ದರೆ ಪ್ರತಿದಿನ ಏನು ಮಾಡಲೆಂಬ ಚಿಂತೆಯೂ ತಪ್ಪುತ್ತದೆ; ಆಯ್ಕೆಗಳಿಂದ ದಣಿದ ಮನಸ್ಸಿಗೆ ಅದೇ ಒಂದು ವಿಶ್ರಾಂತಿ.

2015ರಿಂದ ಪ್ರತಿ ಜೂನ್ 21ರಂದು ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಚಾಪೆಗಳು ಹಾಸಲ್ಪಡುತ್ತವೆ. ಸಾವಿರಾರು ಜನ ಏಕಕಾಲಕ್ಕೆ ಮಾಡಬೇಕಾದಾಗ ಎಲ್ಲರಿಗೂ ಒಂದೇ ಕ್ರಮ ಅನಿವಾರ್ಯ, ಅದನ್ನು ದೂರುವಂತಿಲ್ಲ. ಆದರೆ ಆ ದಿನದ ಸಾಮಾನ್ಯ ಕ್ರಮವೇ ಯೋಗದ ಪೂರ್ಣರೂಪವೆಂದು ತಿಳಿದು, ಅದು ರುಚಿಸದ ಸಹೋದ್ಯೋಗಿಗಳು ಮುಂದಿನ ಜೂನ್‌ವರೆಗೆ ಚಾಪೆ ಸುತ್ತಿಡುವುದನ್ನು ಕಾಣುತ್ತೇವೆ. ಆ ದೃಷ್ಟಿಯಿಂದ ಆಯುಷ್ ಸಚಿವಾಲಯ ರೂಪಿಸಿದ ಐದು ನಿಮಿಷದ ವೈ-ಬ್ರೇಕ್ ಚಂಚಲರಿಗೆ ಹೆಚ್ಚು ಸ್ನೇಹಪರವಾದುದು. ಕುರ್ಚಿಯ ಪಕ್ಕದಲ್ಲೇ ಎದ್ದುನಿಂತು ಮುಗಿಸಬಹುದು, ಬೇಸರವಾಗುವಷ್ಟರಲ್ಲಿ ಅದೇ ಮುಗಿದಿರುತ್ತದೆ. ದಿನಕ್ಕೆ ಮೂರು ಬಾರಿ ಐದು ನಿಮಿಷ ಮಾಡುವವರನ್ನು ಒಂದೇ ಬಾರಿ ಮುಕ್ಕಾಲು ಗಂಟೆ ಮಾಡಲಾರದವರೆಂದು ಕೀಳಾಗಿ ನೋಡಬೇಕಾಗಿಲ್ಲ.

ಕೊನೆಯದಾಗಿ ನಮ್ಮ ಸಂಘಗಳಿಗೆ ಒಂದು ಮಾತು. ಹೊರನಾಡಿನ ಕನ್ನಡ ಸಂಘಗಳ ಸಭಾಂಗಣಗಳು ರಾಜ್ಯೋತ್ಸವ, ಯುಗಾದಿಗಳನ್ನು ಬಿಟ್ಟರೆ ಬೆಳಗಿನ ಹೊತ್ತು ಖಾಲಿಯಾಗಿಯೇ ಇರುತ್ತವೆ. ಅಲ್ಲಿ ವಾರಕ್ಕೆ ಮೂರು ದಿನ, ಒಂದು ಗಂಟೆ, ಕನ್ನಡದಲ್ಲಿ ಹೇಳಿಕೊಡುವ ಅಭ್ಯಾಸ ನಡೆಯಬಾರದೇಕೆ? ಒಂದು ದಿನ ಸೂರ್ಯನಮಸ್ಕಾರ, ಒಂದು ದಿನ ನಿಧಾನದ ಉಸಿರಾಟ, ಒಂದು ದಿನ ಯಕ್ಷಗಾನದ ಹೆಜ್ಜೆ ಎಂದು ಮೂರು ತಿಂಗಳು ರುಚಿ ತೋರಿಸಿ, ಬಂದವರು ತಮ್ಮದನ್ನು ಆರಿಸಿಕೊಳ್ಳಲಿ. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರುವ ಸೂಚನೆಯನ್ನು ನಾವು ಮೊದಲು ತಲೆಯಲ್ಲಿ ಅನುವಾದಿಸಿ ಆಮೇಲೆ ಕಾಲಿಗೆ ಕಳುಹಿಸುತ್ತೇವೆ. ಆ ಸಂದಿನಲ್ಲಿ ಮನಸ್ಸು ಜಾರುತ್ತದೆ. "ಹಿಮ್ಮಡಿ ಊರಿ, ಮೀನಖಂಡ ಸಡಿಲಿಸಿ, ಪಕ್ಕೆ ಅರಳಲಿ" ಎಂದರೆ ಮಾತು ನೇರವಾಗಿ ಮೈಗೆ ಇಳಿಯುತ್ತದೆ. ಅಜ್ಜಿ ಎಣ್ಣೆ ತಿಕ್ಕುವಾಗ ಕಲಿತ ಪದಗಳವು.

ಇದು ಅಭಿಮಾನದ ಅತಿಶಯೋಕ್ತಿಯಲ್ಲ. ಕೃಷ್ಣಮಾಚಾರ್ಯರ ಯೋಗ ಮಕರಂದ 1934ರಲ್ಲಿ ಪ್ರಕಟವಾದದ್ದು ಕನ್ನಡದಲ್ಲಿ. ಪಟ್ಟಾಭಿ ಜೋಯಿಸರ ಯೋಗ ಮಾಲಾ 1962ರಲ್ಲಿ ಬಂದದ್ದು ಕನ್ನಡದಲ್ಲಿ. ಅದು ಇಂಗ್ಲಿಷಿಗೆ ಹೋಗಲು 1999ರವರೆಗೆ ಕಾಯಬೇಕಾಯಿತು. ಜಗತ್ತು ಇಂದು ಚಾಪೆಯ ಮೇಲೆ ಮಾಡುತ್ತಿರುವುದರಲ್ಲಿ ಬಹಳಷ್ಟನ್ನು ಮೊದಲು ವಿವರಿಸಿದ ಭಾಷೆಗಳಲ್ಲಿ ನಮ್ಮದೂ ಒಂದು. ಆ ಭಾಷೆಯವರೇ "ನಮಗೆ ಒಗ್ಗುವುದಿಲ್ಲ" ಎಂದು ಕೈಚೆಲ್ಲಿ ಕೂರುವುದು ಬೇಡ. ಕೂರಲಾಗದಿದ್ದರೆ ನಿಲ್ಲೋಣ, ನಿಲ್ಲಲಾಗದಿದ್ದರೆ ನಡೆಯೋಣ, ನಡಿಗೆ ಸಾಲದಿದ್ದರೆ ಕುಣಿಯೋಣ. ಸೂತ್ರಕಾರ ಕೊಟ್ಟ 'ಅಥವಾ' ನಮ್ಮ ಕೈಯಲ್ಲಿ ಇದ್ದೇ ಇದೆ.